ಅರವತ್ತು ಸಾವಿರದ ಆಟ: ಗೇಮಿಂಗ್ ಲ್ಯಾಪ್‌ಟಾಪ್ ನಮ್ಮೂರಿಗೆ ಬಂದ ದಾರಿ

ಗೋವಿನಜೋಳದ ದರದ ಸುದ್ದಿ ಮಾಡಲು ಹಾವೇರಿ ಎಪಿಎಂಸಿಗೆ ಹೋಗಿದ್ದಾಗ ಪರಿಚಯದ ರೈತರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಜೊತೆಗೆ ಮಗನೂ ಇದ್ದ. ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ, ಎರಡನೇ ವರ್ಷ. ಜೋಳ ಮಾರಿದ ದುಡ್ಡಿನಲ್ಲಿ ಅರವತ್ತು ಸಾವಿರವನ್ನು ಅವನ ಲ್ಯಾಪ್‌ಟಾಪಿಗೆ ಅಂತ ತೆಗೆದಿಟ್ಟಿದ್ದರು.

"ಸಾಹೇಬ್ರ, ನೀವು ಪೇಪರ್‌ನ್ಯಾಗ ಬರಿಯೋರು, ನಿಮಗ ಗೊತ್ತಿರ್ತೈತಿ. ಈ ಹುಡುಗ ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತಾನ. ಆಟ ಆಡಾಕ ಅರವತ್ತು ಸಾವಿರ ಕೊಡಬೇಕೇನ್ರೀ?"

ಮಗ ತಲೆ ತಗ್ಗಿಸಿ, "ಓದಾಕೂ ಅದ ಚಲೋ ಐತ್ರೀ ಸರ್, ನೀವರ ಹೇಳ್ರಿ" ಅಂದ.

2025-26ರ ಸಾಲಿನಲ್ಲಿ ಗೋವಿನಜೋಳಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇತ್ತು. ಪೇಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ನಡೆದಿತ್ತು, ನಾವು ಹೋಗಿದ್ದೇ ಆ ಸುದ್ದಿಗೆ. ಬೆಂಬಲ ಬೆಲೆಯೇ ಸಿಕ್ಕಿತು ಅಂದುಕೊಂಡರೂ ಅರವತ್ತು ಸಾವಿರ ಅಂದರೆ 25 ಕ್ವಿಂಟಲ್ ಜೋಳ. ಗೊಬ್ಬರ, ಆಳಿನ ಕೂಲಿ, ಒಕ್ಕಣೆ ಎಲ್ಲ ಕಳೆಯುವ ಮೊದಲಿನ ಲೆಕ್ಕ ಇದು. ಅಷ್ಟು ಜೋಳ ಒಂದು ಪೆಟ್ಟಿಗೆಯೊಳಗೆ ಹೋಗುತ್ತದೆ ಅಂದಾಗ "ಯಾವುದಾದರೂ ತಗೊಳ್ಳಿ" ಅಂತ ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ ಅನಿಸಿತು. ಎರಡು ದಿನ ಟೈಮ್ ಕೇಳಿದೆವು. ಆ ಎರಡು ದಿನದಲ್ಲಿ ಓದಿದ್ದು, ನಮ್ಮ ಡಿಪ್ಲೊಮಾ ಗೆಳೆಯರ ಜೊತೆ ಮಾತಾಡಿದ್ದು, ನಮಗೇ ನೆನಪಾದದ್ದು ಎಲ್ಲ ಸೇರಿ ಈ ಬರಹ. ಯಾವ ಮಾಡೆಲ್ ಒಳ್ಳೆಯದು ಎಂಬ ಪಟ್ಟಿ ಇಲ್ಲಿಲ್ಲ. ಆ ಪಟ್ಟಿ ಆರು ತಿಂಗಳಿಗೆ ಹಳತಾಗುತ್ತದೆ. ಅಗ್ಗದ ಗೇಮಿಂಗ್ ಲ್ಯಾಪ್‌ಟಾಪ್ ಎಂಬುದು ಹೇಗೆ ಹುಟ್ಟಿತು ಅಂತ ತಿಳಿದರೆ, ಕಂಪನಿಯವರು ಬೆಲೆ ಇಳಿಸಲು ಎಲ್ಲೆಲ್ಲಿ ಕತ್ತರಿ ಹಾಕುತ್ತಾರೆ ಎಂಬುದು ಗೊತ್ತಾಗುತ್ತದೆ. ಅದು ಗೊತ್ತಾದರೆ ಆಯ್ಕೆ ಅರ್ಧ ಮುಗಿದಂತೆ.

ಗಂಟೆಗೆ ಇಪ್ಪತ್ತು ರೂಪಾಯಿ

ನಮ್ಮ ವಯಸ್ಸಿನವರಿಗೆ, ಅಂದರೆ 2000ದ ಸುಮಾರಿಗೆ ಹೈಸ್ಕೂಲಿಗೆ ಕಾಲಿಡುತ್ತಿದ್ದವರಿಗೆ, ಕಂಪ್ಯೂಟರ್ ಆಟ ಅಂದರೆ ಸೈಬರ್ ಕೆಫೆ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅದು ತಾಲೂಕು ಊರುಗಳನ್ನು ತಲುಪುವ ಹೊತ್ತಿಗೆ ನಾವು ಹುಡುಗರಾಗಿದ್ದೆವು. ನಮ್ಮೂರ ಬಸ್ ಸ್ಟ್ಯಾಂಡ್ ಹಿಂದಿನ ಕೆಫೆಯಲ್ಲಿ ಎಂಟು ಕಂಪ್ಯೂಟರ್, ಪ್ಲೈವುಡ್ ಗೂಡುಗಳು, ಗಂಟೆಗೆ ಇಪ್ಪತ್ತು ರೂಪಾಯಿ. ಬೋರ್ಡಿನಲ್ಲಿ ಇಂಟರ್ನೆಟ್, ಜೆರಾಕ್ಸ್, ರಿಸಲ್ಟ್ ಅಂತ ಬರೆದಿತ್ತು. ನಡೆಯುತ್ತಿದ್ದದ್ದು ಮಾತ್ರ ರೋಡ್ ರ‍್ಯಾಶ್, ಐಜಿಐ, ವೈಸ್ ಸಿಟಿ. ಎಂಟೂ ಮಶೀನಿಗೆ ಕೇಬಲ್ ಎಳೆದಿದ್ದರಿಂದ ಭಾನುವಾರ ಕೌಂಟರ್ ಸ್ಟ್ರೈಕ್. 2006ರ ಕೊನೆಗೆ ಕ್ರಿಕೆಟ್ 07 ಬಂದ ಮೇಲೆ ಸರದಿಗಾಗಿ ಜಗಳ.

ಆ ಮಶೀನುಗಳು ಯಾವ ಕಂಪನಿಯವೂ ಅಲ್ಲ, ಅಸೆಂಬಲ್ಡ್. ಬೆಂಗಳೂರಿನ ಎಸ್‌ಪಿ ರೋಡಿನಿಂದಲೋ ಹುಬ್ಬಳ್ಳಿಯಿಂದಲೋ ಬಿಡಿಭಾಗ ತಂದು ಜೋಡಿಸಿದವು. ಎಂಟರಲ್ಲಿ ಒಂದೇ ಒಂದಕ್ಕೆ ಗ್ರಾಫಿಕ್ಸ್ ಕಾರ್ಡ್ ಇತ್ತು. ಮಾಲೀಕ ಅದಕ್ಕೆ ಐದು ರೂಪಾಯಿ ಜಾಸ್ತಿ ತಗೊಳ್ಳುತ್ತಿದ್ದ. ಆ ಐದು ರೂಪಾಯಿ ಯಾಕೆ ಅಂತ ನಮಗೆ ಆಗ ಗೊತ್ತಿರಲಿಲ್ಲ. ಆ ಮಶೀನಿನಲ್ಲಿ ವೈಸ್ ಸಿಟಿ ತಡೆಯದೆ ಓಡುತ್ತದೆ, ಉಳಿದವುಗಳಲ್ಲಿ ಕಾರು ತಿರುಗಿಸಿದರೆ ಪರದೆ ನಿಂತು ನಿಂತು ಬರುತ್ತದೆ ಎಂಬುದಷ್ಟೇ ಗೊತ್ತಿತ್ತು.

ಇಂದಿಗೂ ಇಡೀ ವಿಷಯ ಆ ಐದು ರೂಪಾಯಿಯಲ್ಲೇ ಇದೆ. ಪ್ರೊಸೆಸರ್ ಒಂದಾದ ಮೇಲೆ ಒಂದು ಲೆಕ್ಕ ಮಾಡುವುದರಲ್ಲಿ ಚುರುಕು. ಆಟದ ಪರದೆಯಲ್ಲಿರುವ ಲಕ್ಷಾಂತರ ಚುಕ್ಕಿಗಳ ಬಣ್ಣವನ್ನು ಸೆಕೆಂಡಿಗೆ ಹತ್ತಾರು ಸಲ ಹೊಸದಾಗಿ ಲೆಕ್ಕ ಹಾಕಬೇಕು. ಅದಕ್ಕೆ ಏಕಕಾಲಕ್ಕೆ ಸಾವಿರಾರು ಸಣ್ಣ ಲೆಕ್ಕ ಮಾಡುವ ಬೇರೆಯೇ ಚಿಪ್ ಬೇಕು. 1996ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್ ಅದನ್ನು ಮನೆಯ ಕಂಪ್ಯೂಟರಿಗೆ ತಂದಿತು. 1999ರಲ್ಲಿ ಎನ್ವಿಡಿಯಾ ಜಿಫೋರ್ಸ್ 256 ತಂದು, ಅದನ್ನು ಜಿಪಿಯು ಎಂಬ ಹೆಸರಿನಲ್ಲಿ ಮಾರಿತು. 2000ದ ಕೊನೆಗೆ 3ಡಿಎಫ್‌ಎಕ್ಸ್ ಮುಳುಗಿತು, ಅದರ ಆಸ್ತಿಯನ್ನು ಎನ್ವಿಡಿಯಾವೇ ಕೊಂಡಿತು. ಇನ್ನೊಂದು ಪ್ರಮುಖ ಕಂಪನಿ ಎಟಿಐಯನ್ನು 2006ರಲ್ಲಿ ಎಎಮ್‌ಡಿ ಕೊಂಡಿತು. ಇಂದು ಗೇಮಿಂಗ್ ಲ್ಯಾಪ್‌ಟಾಪಿನ ಮೇಲೆ ಅಂಟಿಸಿರುವ ಸ್ಟಿಕ್ಕರುಗಳ ಮೂಲ ಇಲ್ಲಿದೆ.

ಅಗ್ಗದ ಲ್ಯಾಪ್‌ಟಾಪಿನ ಸಾಲು

ಹೊತ್ತುಕೊಂಡು ಹೋಗುವ ಕಂಪ್ಯೂಟರ್ ಅಗ್ಗವಾಗಬೇಕು ಎಂಬ ಯೋಚನೆ ಆಟಕ್ಕಿಂತ ಬೇರೆಯದೇ ದಾರಿಯಲ್ಲಿ ಬಂತು. 1981ರಲ್ಲಿ ಅಮೆರಿಕದಲ್ಲಿ ಬಂದ ಓಸ್ಬೋರ್ನ್ 1, ಹೊತ್ತೊಯ್ಯುವ ಕಂಪ್ಯೂಟರುಗಳಲ್ಲಿ ವ್ಯಾಪಾರವಾಗಿ ಗೆದ್ದ ಮೊದಲನೆಯದು. ತೂಕ ಸುಮಾರು 11 ಕೆಜಿ, ಪರದೆ 5 ಅಂಗುಲ, ಬೆಲೆ 1,795 ಡಾಲರ್. ಅದನ್ನು ಮಾಡಿದ ಆ್ಯಡಮ್ ಓಸ್ಬೋರ್ನ್ ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ. ತಂದೆ ಆರ್ಥರ್ ಓಸ್ಬೋರ್ನ್ ರಮಣ ಮಹರ್ಷಿಗಳ ಅನುಯಾಯಿ. ಕಂಪನಿ 1983ರಲ್ಲಿ ದಿವಾಳಿಯಾಯಿತು. ಆ್ಯಡಮ್ 2003ರಲ್ಲಿ ತೀರಿಕೊಂಡದ್ದೂ ಕೊಡೈಕನಾಲ್‌ನಲ್ಲಿ.

2005ರಲ್ಲಿ ನಿಕೊಲಸ್ ನೆಗ್ರೊಪಾಂಟೆ ನೂರು ಡಾಲರ್ ಲ್ಯಾಪ್‌ಟಾಪಿನ ಮಾತಾಡಿದರು. ಬಡ ದೇಶಗಳ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು. 2007ರಲ್ಲಿ ಅದು ತಯಾರಾಗುವ ಹೊತ್ತಿಗೆ ಖರ್ಚು ನೂರರ ಎರಡು ಪಟ್ಟಿನ ಹತ್ತಿರ ಹೋಗಿತ್ತು. ಭಾರತದ ಮಾನವ ಸಂಪನ್ಮೂಲ ಸಚಿವಾಲಯ 2006ರಲ್ಲೇ ಬೇಡ ಅಂದಿತ್ತು. ಆದರೆ ಆ ಮಾತು ಕಂಪನಿಗಳ ಕಿವಿಗೆ ಬಿತ್ತು. 2007ರಲ್ಲಿ ಏಸುಸ್ ಕಂಪನಿ 7 ಅಂಗುಲ ಪರದೆಯ ಈ ಪಿಸಿ ತಂದಿತು. ಹಿಂದೆಯೇ ಇಂಟೆಲ್‌ನ ಆ್ಯಟಮ್ ಚಿಪ್ ಬಂತು. ನೆಟ್‌ಬುಕ್ ಅಂತ ಊರೂರಲ್ಲಿ ಮಾರಾಟವಾದವು ಇವೇ. ಮೇಲ್ ನೋಡಬಹುದು, ನುಡಿಯಲ್ಲೋ ಬರಹದಲ್ಲೋ ಸುದ್ದಿ ಟೈಪ್ ಮಾಡಬಹುದು. ಹೊಸ ಆಟ ಹಾಕಿದರೆ ಉಸಿರು ಬಿಡುತ್ತಿತ್ತು.

ಆಮೇಲೆ ಸರ್ಕಾರಗಳು ಬಂದವು. ತಮಿಳುನಾಡು 2011ರಲ್ಲಿ, ಉತ್ತರ ಪ್ರದೇಶ 2013ರಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಿದವು. ಕರ್ನಾಟಕದಲ್ಲೂ 2020ರ ಸುಮಾರಿಗೆ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸಿಕ್ಕವು. ಹಂಚುವ ಕಾರ್ಯಕ್ರಮಗಳನ್ನು ನಾವೂ ವರದಿ ಮಾಡಿದ್ದೇವೆ. ಶಾಲು ಹಾರ ಆದ ಮೇಲೆ ಹುಡುಗರು ಹೊರಗೆ ಬಂದು ಮೊದಲು ನೋಡುತ್ತಿದ್ದದ್ದು ಇದರಲ್ಲಿ ಜಿಟಿಎ ಓಡುತ್ತದೋ ಇಲ್ಲವೋ ಅಂತ. ಓಡುತ್ತಿರಲಿಲ್ಲ. ಅಗ್ಗದ ಲ್ಯಾಪ್‌ಟಾಪಿನ ಈ ಸಾಲಿನಲ್ಲಿ ಆಟಕ್ಕೆ ಜಾಗವೇ ಇರಲಿಲ್ಲ. ಆಟ ಎಂಬುದು ಓದಿನ ವೈರಿ, ಅದಕ್ಕೆ ದುಡ್ಡು ಹಾಕಬಾರದು ಎಂಬ ನಂಬಿಕೆ ಎಲ್ಲ ಕಡೆ ಒಂದೇ.

ಆಟದ ಲ್ಯಾಪ್‌ಟಾಪಿನ ಸಾಲು

ಇನ್ನೊಂದು ಸಾಲಿನಲ್ಲಿ ದುಡ್ಡಿನ ಚಿಂತೆ ಇರಲಿಲ್ಲ. 1996ರಲ್ಲಿ ಅಮೆರಿಕದ ಮಯಾಮಿಯಲ್ಲಿ ಶುರುವಾದ ಏಲಿಯನ್‌ವೇರ್ ಆಟಕ್ಕೆಂದೇ ಕಂಪ್ಯೂಟರ್ ಜೋಡಿಸಿ ಮಾರುತ್ತಿತ್ತು. 2000ದ ಕೊನೆಗೆ ಎನ್ವಿಡಿಯಾ ಜಿಫೋರ್ಸ್2 ಗೋ ಎಂಬ ಚಿಪ್ ತಂದಿತು, ಲ್ಯಾಪ್‌ಟಾಪಿಗೆಂದೇ ಅದು ಮಾಡಿದ ಮೊದಲ ಜಿಫೋರ್ಸ್ ಅದು. 2002ರಲ್ಲಿ ಏಲಿಯನ್‌ವೇರ್ ಏರಿಯಾ-51ಎಮ್ ಎಂಬ ಲ್ಯಾಪ್‌ಟಾಪ್ ಇಳಿಸಿತು. 2006ರಲ್ಲಿ ಡೆಲ್ ಆ ಕಂಪನಿಯನ್ನೇ ಕೊಂಡಿತು. ಅದೇ ವರ್ಷ ಏಸುಸ್ ಆಟಗಾರರಿಗೆಂದು ಆರ್‌ಒಜಿ ಹೆಸರು ಹುಟ್ಟುಹಾಕಿತು. ಇವೆಲ್ಲ ದಪ್ಪ, ಭಾರ, ದುಬಾರಿ. ನಮ್ಮ ಕಡೆ ಅಂಗಡಿಯಲ್ಲಿ ಕಾಣುತ್ತಲೂ ಇರಲಿಲ್ಲ.

ದುಬಾರಿಯಾಗಲು ಮುಖ್ಯ ಕಾರಣ ಬಿಸಿ. ಗ್ರಾಫಿಕ್ಸ್ ಚಿಪ್ ತಿಂದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಡೆಸ್ಕ್‌ಟಾಪಿನಲ್ಲಿ ಅಂಗೈ ಅಗಲದ ಫ್ಯಾನ್, ಒಳಗೆ ಗಾಳಿಯಾಡುವ ಜಾಗ ಇದೆ. ಲ್ಯಾಪ್‌ಟಾಪಿನಲ್ಲಿ ಎರಡು ಬೆರಳಿನ ದಪ್ಪದೊಳಗೆ ಎಲ್ಲ ಮುಗಿಯಬೇಕು. ಅದು ಸಲೀಸಲ್ಲ ಎಂಬುದಕ್ಕೆ 2008ರ ಸಾಕ್ಷಿ ಇದೆ. ಆ ವರ್ಷ ಜುಲೈನಲ್ಲಿ ಎನ್ವಿಡಿಯಾ ತನ್ನ ಲ್ಯಾಪ್‌ಟಾಪ್ ಚಿಪ್‌ಗಳು ಹೆಚ್ಚಿನ ಪ್ರಮಾಣದಲ್ಲಿ ಕೆಡುತ್ತಿವೆ ಎಂದು ಒಪ್ಪಿಕೊಂಡು, ರಿಪೇರಿ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ಬಿಸಿಯಾಗಿ ಆರಿ, ಬಿಸಿಯಾಗಿ ಆರಿ, ಚಿಪ್ಪಿನ ಕೆಳಗಿನ ಬೆಸುಗೆ ಬಿಡುತ್ತಿತ್ತು. ಡೆಸ್ಕ್‌ಟಾಪಿನಲ್ಲಾದರೆ ಕಾರ್ಡ್ ಕಿತ್ತು ಬೇರೆ ಹಾಕಬಹುದು. ಲ್ಯಾಪ್‌ಟಾಪಿನಲ್ಲಿ ಮದರ್‌ಬೋರ್ಡೇ ಹೋದಂತೆ.

ಎರಡು ಸಾಲು ಸೇರಿದ್ದು

ಅಗ್ಗದ್ದು ಮತ್ತು ಆಟದ್ದು ಸೇರುವ ಮೊದಲ ಪ್ರಯತ್ನ 2010ರ ಏಲಿಯನ್‌ವೇರ್ ಎಮ್11ಎಕ್ಸ್. 11.6 ಅಂಗುಲ ಪರದೆ, 799 ಡಾಲರ್. ಪುಟ್ಟದಾಗಿ ಚೆನ್ನಾಗಿತ್ತು, ಆದರೆ ಒಂಟಿಯಾಗಿತ್ತು. 2015ರ ಕೊನೆಗೆ ಡೆಲ್ ಇನ್‌ಸ್ಪಿರಾನ್ 7559 ಎಂಬ ಮಾದರಿ ಅದೇ 799 ಡಾಲರಿಗೆ 15 ಅಂಗುಲದ ಪರದೆ, ಜಿಟಿಎಕ್ಸ್ 960ಎಮ್ ಗ್ರಾಫಿಕ್ಸ್ ಕೊಟ್ಟಿತು. ಅದು ಓಡಿದ ಓಟ ನೋಡಿ ಉಳಿದ ಕಂಪನಿಗಳು ಎಚ್ಚೆತ್ತವು.

ಅದೇ ಹೊತ್ತಿಗೆ ಚಿಪ್ ಕಾರ್ಖಾನೆಯಲ್ಲೂ ಒಂದು ಬದಲಾವಣೆ ಆಗಿತ್ತು. ಗ್ರಾಫಿಕ್ಸ್ ಚಿಪ್‌ಗಳು ನಾಲ್ಕು ವರ್ಷದಿಂದ 28 ನ್ಯಾನೊಮೀಟರ್ ತಂತ್ರದಲ್ಲೇ ನಿಂತಿದ್ದವು. 2016ರಲ್ಲಿ ಒಮ್ಮೆಗೇ 16 ಮತ್ತು 14ಕ್ಕೆ ಇಳಿದವು. ಅಂದರೆ ಅದೇ ಕೆಲಸಕ್ಕೆ ಕಡಿಮೆ ಕರೆಂಟ್, ಕಡಿಮೆ ಬಿಸಿ. ಅಲ್ಲಿಯವರೆಗೆ ಲ್ಯಾಪ್‌ಟಾಪ್ ಚಿಪ್ಪಿನ ಹೆಸರಿನ ಕೊನೆಗೆ "ಎಮ್" ಅಂತ ಸೇರಿಸುತ್ತಿದ್ದರು, ಡೆಸ್ಕ್‌ಟಾಪಿನದಕ್ಕಿಂತ ಸಪ್ಪೆ ಎಂಬುದರ ಗುರುತು. 2016ರ ಆಗಸ್ಟ್‌ನಲ್ಲಿ ಎನ್ವಿಡಿಯಾ ಆ ಅಕ್ಷರ ತೆಗೆದುಹಾಕಿತು. 2017ರ ಜನವರಿಯಲ್ಲಿ ಜಿಟಿಎಕ್ಸ್ 1050 ಲ್ಯಾಪ್‌ಟಾಪಿಗೆ ಬಂತು. ಅಂಗಡಿಯಲ್ಲಿ ಕೇಳಿಬಂದ ಈ ಹೆಸರುಗಳು ಆ ಎರಡು ಮೂರು ವರ್ಷದವು: ಲೆನೊವೊ ಲೀಜನ್, ಏಸರ್ ನೈಟ್ರೊ 5, ಏಸುಸ್ ಟಫ್, ಡೆಲ್ ಜಿ ಸರಣಿ, ಎಚ್‌ಪಿ ಪೆವಿಲಿಯನ್ ಗೇಮಿಂಗ್. 2017ರಲ್ಲೇ ಎಎಮ್‌ಡಿ ರೈಝೆನ್ ಪ್ರೊಸೆಸರ್ ತಂದಿದ್ದರಿಂದ ಇಂಟೆಲ್‌ಗೆ ಬಹಳ ವರ್ಷದ ಮೇಲೆ ನಿಜವಾದ ಪೈಪೋಟಿ ಬಂತು. ಪೈಪೋಟಿಯ ಲಾಭ ಕೊಳ್ಳುವವರಿಗೆ. ಈ ಮೂರೂ ಚಿಪ್ ಕಂಪನಿಗಳ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲಿವೆ. ಎನ್ವಿಡಿಯಾದ್ದು 2004ರಿಂದ ಇದೆ.

ಭಾರತಕ್ಕೆ ಬರುವ ದಾರಿ ಅದಕ್ಕೂ ಮೊದಲೇ ತೆರೆದಿತ್ತು. 1997ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಸೇರಿ, 2005ರ ಹೊತ್ತಿಗೆ ಕಂಪ್ಯೂಟರ್ ಮೇಲಿನ ಮೂಲ ಆಮದು ಸುಂಕ ಸೊನ್ನೆಗೆ ಇಳಿಯಿತು. 2017ರಿಂದ ಜಿಎಸ್‌ಟಿ ಶೇ 18. ಅರವತ್ತು ಸಾವಿರದ ಬಿಲ್ಲಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ತೆರಿಗೆಯೇ. ಲ್ಯಾಪ್‌ಟಾಪಿನ ಮುಖ್ಯ ಭಾಗಗಳೆಲ್ಲ ಹೊರಗಿನಿಂದ ಬರುವುದರಿಂದ ಡಾಲರ್ ಏರಿದಾಗ ಅಂಗಡಿಯ ದರವೂ ಏರುತ್ತದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಬೇಕು ಅಂತ ಆದೇಶ ಹೊರಡಿಸಿ, ಮರುದಿನವೇ ಮುಂದೂಡಿ, ನವೆಂಬರ್‌ನಿಂದ ಸಡಿಲವಾದ ನೋಂದಣಿ ವ್ಯವಸ್ಥೆ ತಂದಿತು. ಆ ಒಂದು ದಿನ ನಮ್ಮ ಪರಿಚಯದ ಅಂಗಡಿಯವರಿಗೆ ಬಂದ ಫೋನುಗಳಿಗೆ ಲೆಕ್ಕವಿರಲಿಲ್ಲ.

2020ರ ಲಾಕ್‌ಡೌನ್ ಮನೆಯೊಳಗಿನ ವಾದವನ್ನೇ ತಿರುಗಿಸಿತು. ಆನ್‌ಲೈನ್ ಕ್ಲಾಸಿಗೆ ಲ್ಯಾಪ್‌ಟಾಪ್ ಬೇಕೇ ಬೇಕು ಅಂತಾಯಿತು. ಅದೇ ವರ್ಷ ಜೂನ್‌ನಲ್ಲಿ ವ್ಯಾಲೊರೆಂಟ್ ಬಂತು. 2008ರ ಕಾಲದ ಕೋರ್ 2 ಡ್ಯುಯೊ ಪ್ರೊಸೆಸರ್ ಇದ್ದರೂ ಕನಿಷ್ಠ ಮಟ್ಟದಲ್ಲಿ ಓಡುತ್ತದೆ ಅಂತ ಹೇಳಿಯೇ ಅದನ್ನು ಬಿಡುಗಡೆ ಮಾಡಿದ್ದರು. ಸೆಪ್ಟೆಂಬರ್‌ನಲ್ಲಿ ಮೊಬೈಲಿನ ಪಬ್‌ಜಿ ನಿಷೇಧವಾಯಿತು. ಮೊಬೈಲಿನಲ್ಲಿದ್ದ ಹುಡುಗರಲ್ಲಿ ಎಷ್ಟೋ ಮಂದಿ ಲ್ಯಾಪ್‌ಟಾಪಿನ ಕಡೆ ತಿರುಗಿದ್ದನ್ನು ನಮ್ಮ ಓಣಿಯಲ್ಲೇ ಕಂಡೆವು. 2021ರಲ್ಲಿ ಕ್ರಿಪ್ಟೊ ಹುಚ್ಚಿಗೆ ಗ್ರಾಫಿಕ್ಸ್ ಕಾರ್ಡುಗಳು ಪೇಟೆಯಿಂದ ಮಾಯವಾಗಿ, ಬಿಡಿ ಕಾರ್ಡಿನ ಬೆಲೆ ಕೈಗೆ ಎಟುಕದಂತಾದಾಗ, ಇಡೀ ಲ್ಯಾಪ್‌ಟಾಪ್ ಕೊಳ್ಳುವುದೇ ಲೇಸು ಎಂಬ ವಿಚಿತ್ರ ಕಾಲವೂ ಬಂತು.

ಕತ್ತರಿ ಬಿದ್ದ ಜಾಗ

ಎರಡು ಸಾಲು ಸೇರಿದ್ದು ನಿಜ. ಆದರೆ ಬೆಲೆ ತಾನಾಗಿ ಇಳಿಯಲಿಲ್ಲ, ಏನೋ ಒಂದನ್ನು ಕಡಿಮೆ ಮಾಡಿಯೇ ಇಳಿಸಿದ್ದು. ಕಡಿಮೆ ಮಾಡಿದ್ದು ಸ್ಟಿಕ್ಕರಿನಲ್ಲಿ ಕಾಣುವುದಿಲ್ಲ.

ಮೊದಲನೆಯದು ವ್ಯಾಟ್. 2021ರಿಂದ ಬಂದ ಚಿಪ್‌ಗಳಲ್ಲಿ ಹೆಸರು ಒಂದೇ, ತಿನ್ನುವ ಕರೆಂಟ್ ಬೇರೆ ಬೇರೆ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 3050 ಎಂಬ ಚಿಪ್ಪನ್ನು ಕಂಪನಿ 35 ವ್ಯಾಟ್‌ಗೂ ಕಟ್ಟಿಹಾಕಬಹುದು, 80 ವ್ಯಾಟ್‌ವರೆಗೂ ಬಿಡಬಹುದು. ಆರ್‌ಟಿಎಕ್ಸ್ 4050ರಲ್ಲಿ ಅದೇ 35ರಿಂದ 115. ತೆಳ್ಳಗಿನ ಚೆಂದದ ಲ್ಯಾಪ್‌ಟಾಪಿನಲ್ಲಿ ಕಡಿಮೆ ವ್ಯಾಟ್, ದಪ್ಪಗಿನದರಲ್ಲಿ ಹೆಚ್ಚು. ಒಂದೇ ಹೆಸರಿನ ಎತ್ತು, ಒಂದಕ್ಕೆ ಹೊಟ್ಟೆ ತುಂಬ ಮೇವು, ಇನ್ನೊಂದಕ್ಕೆ ಅರೆಹೊಟ್ಟೆ. ಅಂಗಡಿಯವರಿಗೆ ಈ ಅಂಕಿ ಗೊತ್ತಿರುವುದು ಅಪರೂಪ. ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿಯ ವೆಬ್‌ಸೈಟಿನಲ್ಲಿ ಟಿಜಿಪಿ ಎಂಬ ಸಾಲು ಹುಡುಕಬೇಕು.

ಎರಡನೆಯದು ಗ್ರಾಫಿಕ್ಸ್ ಚಿಪ್ಪಿನ ಸ್ವಂತ ಮೆಮೊರಿ. ಇದನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಸೈಬರ್ ಕೆಫೆಯ ವೈಸ್ ಸಿಟಿ ಹಾರ್ಡ್ ಡಿಸ್ಕಿನಲ್ಲಿ 1 ಜಿಬಿಗಿಂತ ಕಡಿಮೆ ಜಾಗ ಕೇಳುತ್ತಿತ್ತು. 2015ರ ಜಿಟಿಎ 5 ಕೇಳಿದ್ದು 65 ಜಿಬಿ. ಆಟದ ಚಿತ್ರಗಳು ಹೀಗೆ ದೊಡ್ಡದಾದಂತೆ ಗ್ರಾಫಿಕ್ಸ್ ಮೆಮೊರಿಯೂ ಹೆಚ್ಚು ಬೇಕಾಗುತ್ತದೆ. 4 ಜಿಬಿ ಇರುವ ಚಿಪ್ ಹೊಸ ದೊಡ್ಡ ಆಟಗಳಲ್ಲಿ ಈಗಲೇ ಏದುಸಿರು ಬಿಡುತ್ತದೆ. 6 ಜಿಬಿ ಇದ್ದರೆ ಡಿಪ್ಲೊಮಾ ಮುಗಿಯುವವರೆಗೆ ಬಾಳಿಕೆ ಬರುತ್ತದೆ. ವ್ಯಾಲೊರೆಂಟ್, ಮೈನ್‌ಕ್ರಾಫ್ಟ್, ಹಳೆಯ ಆಟಗಳಷ್ಟೇ ಸಾಕು ಅನ್ನುವವರಿಗೆ ಬೇರೆ ಗ್ರಾಫಿಕ್ಸ್ ಚಿಪ್ಪೇ ಬೇಡ. ಈಚಿನ ರೈಝೆನ್ ಅಥವಾ ಇಂಟೆಲ್ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ಸಾಕಾಗುತ್ತದೆ, ಹಣವೂ ಉಳಿಯುತ್ತದೆ. ಆದರೆ ಅಂಥದ್ದಕ್ಕೆ ರ‍್ಯಾಮ್ ಎರಡು ಸ್ಟಿಕ್ಕಿನಲ್ಲಿ ಇರಬೇಕು. ಒಂದೇ ಸ್ಟಿಕ್ ಹಾಕಿ ಮಾರಿದರೆ ಗ್ರಾಫಿಕ್ಸ್‌ಗೆ ದಾರಿ ಕಿರಿದಾಗುತ್ತದೆ.

ಮೂರನೆಯದು ಪರದೆ. 144 ಹರ್ಟ್ಸ್ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಬಣ್ಣದ ಬಗ್ಗೆ ಸಣ್ಣಕ್ಷರದಲ್ಲಿ ಶೇ 45 ಎನ್‌ಟಿಎಸ್‌ಸಿ ಅಂತ ಇರುತ್ತದೆ. ಕೆಂಪು ಇಟ್ಟಿಗೆಯಂತೆ, ಹಸಿರು ಒಣಗಿದಂತೆ ಕಾಣುವ ಪರದೆ ಅದು. ಆಟಕ್ಕೆ ನಡೆಯುತ್ತದೆ, ಫೋಟೊ ವಿಡಿಯೊ ಕೆಲಸಕ್ಕೆ ಕಣ್ಣಿಗೆ ಮೋಸ.

ನಾಲ್ಕನೆಯದು ಬ್ಯಾಟರಿ. ಚಾರ್ಜರ್ ತೆಗೆದರೆ ಗೇಮಿಂಗ್ ಲ್ಯಾಪ್‌ಟಾಪಿನ ಶಕ್ತಿ ಅರ್ಧಕ್ಕೂ ಕೆಳಗಿಳಿಯಬಹುದು. ಸಂಜೆ ಕರೆಂಟ್ ಹೋಗುವ ಹಳ್ಳಿಯಲ್ಲಿ ಇದನ್ನು ಮೊದಲೇ ಯೋಚಿಸಬೇಕು. ಇಟ್ಟಿಗೆಯಂಥ ಚಾರ್ಜರನ್ನು ಬಸ್ಸಿನಲ್ಲಿ ದಿನಾ ಹೊರುವವನು ಹುಡುಗನೇ.

ಐದನೆಯದು ಸರ್ವಿಸ್ ಸೆಂಟರಿನ ದೂರ. 2008ರ ಬೆಸುಗೆಯ ಕತೆ ನೆನಪಿರಲಿ. ಗ್ರಾಫಿಕ್ಸ್ ಕೆಟ್ಟರೆ ಬೋರ್ಡೇ ಬದಲಿಸಬೇಕು, ಅದರ ಬೆಲೆ ಲ್ಯಾಪ್‌ಟಾಪಿನ ಅರ್ಧದಷ್ಟು ಆದರೂ ಆಶ್ಚರ್ಯವಿಲ್ಲ. ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ನಿಮ್ಮ ಪಿನ್‌ಕೋಡಿಗೆ ಇದೆಯೋ ಇಲ್ಲವೋ ಕೇಳಿ. ಎರಡನೇ, ಮೂರನೇ ವರ್ಷಕ್ಕೆ ಹೆಚ್ಚಿಸಿಕೊಳ್ಳುವ ದುಡ್ಡನ್ನು ಬಜೆಟ್ಟಿನೊಳಗೇ ಹಿಡಿಯಿರಿ.

ನಮ್ಮದೇ ತಪ್ಪು

ಇದನ್ನೆಲ್ಲ ದೊಡ್ಡವರಂತೆ ಹೇಳುತ್ತಿದ್ದೇವೆ, ನಾವೇ ಒಮ್ಮೆ ಎಡವಿದ್ದೇವೆ. 2019ರ ಬೇಸಿಗೆಯಲ್ಲಿ ಒಂದು ಅಂಗಡಿಗೆ ಹೋಗಿ ತೆಳ್ಳಗಿನ ಲ್ಯಾಪ್‌ಟಾಪ್ ತಂದೆವು. "ಸರ್, ನೀವು ಪ್ರೆಸ್‌ನವರು, ಗೇಮಿಂಗ್ ಗೀಮಿಂಗ್ ನಿಮಗ್ಯಾಕೆ, ಇದು ಐ7" ಅಂದರು. ಐ7 ಅಂದರೆ ಎಲ್ಲ ಮುಗಿಯಿತು ಅಂತ ನಾವೂ ನಂಬಿದೆವು. ಆಟ ಅಂದರೆ ಹುಡುಗಾಟ, ನಮ್ಮದು ಕೆಲಸ ಎಂಬ ಒಣ ಜಂಬ ಬೇರೆ.

ಆ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕಕ್ಕೆ ಪ್ರವಾಹ ಬಂತು. ನಮ್ಮ ಜಿಲ್ಲೆಯಲ್ಲಿ ವರದಾ ಉಕ್ಕಿ ಊರುಗಳಿಗೆ ನೀರು ನುಗ್ಗಿತು. ಎದೆಮಟ್ಟದ ನೀರಿನಲ್ಲಿ ನಿಂತು ತೆಗೆದ ವಿಡಿಯೊ ನಮ್ಮ ಬಳಿ ಇತ್ತು. ಕತ್ತರಿಸಿ, ಹೆಸರುಪಟ್ಟಿ ಹಾಕಿ ಕಳಿಸಬೇಕು. ಆರು ನಿಮಿಷದ ವಿಡಿಯೊ ಎಕ್ಸ್‌ಪೋರ್ಟ್ ಆಗಲು ಒಂದು ಗಂಟೆಯ ಮೇಲೆ ಹಿಡಿಯಿತು, ಮಧ್ಯೆ ಒಮ್ಮೆ ಬಿಸಿಯಾಗಿ ಆಫ್ ಆಯಿತು. ಕಳಿಸುವ ಹೊತ್ತಿಗೆ ಬೇರೆ ಯಾರದೋ ಮೊಬೈಲ್ ವಿಡಿಯೊ ಪ್ರಸಾರವಾಗಿ ಹೋಗಿತ್ತು. ಸುದ್ದಿಗೆ ಇಷ್ಟು ಅಂತ ದುಡ್ಡು ಎಣಿಸುವ ಸ್ಟ್ರಿಂಗರ್‌ಗೆ ಅದು ಒಂದು ಸುದ್ದಿಯ ನಷ್ಟವಷ್ಟೇ ಅಲ್ಲ. ಆ ಊರಿನವರು "ನಮ್ಮದು ಟಿವಿಯಾಗ ಬಂತೇನ್ರೀ" ಅಂತ ಕೇಳಿದಾಗ ಕೊಡಲು ಉತ್ತರ ಇರಲಿಲ್ಲ.

ಆಮೇಲೆ ತಿಳಿಯಿತು, ಆಟದ ಚಿಪ್ ಅಂತ ನಾವು ಬೇಡ ಅಂದದ್ದೇ ವಿಡಿಯೊ ಕೆಲಸದ ಚಿಪ್ ಕೂಡ. 2012ರಿಂದ ಎನ್ವಿಡಿಯಾ ತನ್ನ ಚಿಪ್‌ಗಳೊಳಗೆ ವಿಡಿಯೊ ಎನ್‌ಕೋಡ್ ಮಾಡುವುದಕ್ಕೆಂದೇ ಒಂದು ಭಾಗ ಇಡುತ್ತಾ ಬಂದಿದೆ. ಇಂಟೆಲ್, ಎಎಮ್‌ಡಿ ಚಿಪ್‌ಗಳಲ್ಲೂ ಅಂಥದ್ದಿದೆ. ನಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಬಳಸುವಂತೆ ಸೆಟ್ ಮಾಡಿಕೊಳ್ಳುವುದೂ ನಮಗೆ ಗೊತ್ತಿರಲಿಲ್ಲ. ಈಗ ನಮ್ಮ ಬ್ಯಾಚಿನ ನಾಲ್ವರ ಬಳಿ ಗೇಮಿಂಗ್ ಲ್ಯಾಪ್‌ಟಾಪ್ ಇದೆ. ಕೀಬೋರ್ಡಿನ ಕೆಂಪು ದೀಪ ನೋಡಿ ಪತ್ರಿಕಾಗೋಷ್ಠಿಯಲ್ಲಿ ಹಿರಿಯರು ನಗುತ್ತಾರೆ. ನಗಲಿ.

ಪಾಲಿಟೆಕ್ನಿಕ್ ಹುಡುಗನಿಗೂ ಇದೇ ಮಾತು ಅನ್ವಯಿಸುತ್ತದೆ. 3ಡಿ ಡ್ರಾಯಿಂಗ್, ಆ್ಯನಿಮೇಶನ್, ಈಗಿನ ಎಐ ಕಲಿಕೆಯ ಪ್ರಯೋಗ, ಎಲ್ಲಕ್ಕೂ ಬೇಕಾದದ್ದು ಆಟಕ್ಕೆ ಅಂತ ಹುಟ್ಟಿದ ಆ ಚಿಪ್ಪೇ. ಇದರಲ್ಲಿ ಇನ್ನೊಂದು ತಿರುವೂ ಇದೆ. ಆಟಗಾರರ ದುಡ್ಡಿನಲ್ಲಿ ಬೆಳೆದ ಎನ್ವಿಡಿಯಾಗೆ ಇಂದು ಆದಾಯದ ಬಹುಪಾಲು ಬರುವುದು ಎಐ ಡೇಟಾ ಸೆಂಟರುಗಳಿಂದ. ಆ ಡೇಟಾ ಸೆಂಟರುಗಳ ಹಸಿವಿಗೆ 2025ರ ಕೊನೆಯ ಹೊತ್ತಿಗೆ ರ‍್ಯಾಮ್, ಎಸ್‌ಎಸ್‌ಡಿ ಬೆಲೆ ಜೋರಾಗಿ ಏರಿದೆ. ಎರಡು ಸಾಲು ಸೇರಿ ಹತ್ತು ವರ್ಷ ತುಂಬುವುದರೊಳಗೆ ಮತ್ತೆ ದೂರ ಸರಿಯುತ್ತಿವೆಯೇನೋ ಅನ್ನುವ ಹಾಗಿದೆ. ಆದ್ದರಿಂದ "ಮುಂದಿನ ವರ್ಷ ಇಳಿಯುತ್ತೆ, ತಡಿ" ಎಂಬ ಹಳೆಯ ಸಲಹೆಯನ್ನು ಈ ಸಲ ಕೊಡಲು ನಮಗೆ ಧೈರ್ಯ ಬರಲಿಲ್ಲ.

ಹುಬ್ಬಳ್ಳಿಯ ಬಿಲ್ಲು

ಎರಡು ದಿನದ ಮೇಲೆ ಅಪ್ಪ ಮಗ ಇಬ್ಬರನ್ನೂ ಕೂರಿಸಿಕೊಂಡು ಇಷ್ಟನ್ನೂ ಹೇಳಿದೆವು. ಅಪ್ಪನಿಗೆ ಅರ್ಥವಾದದ್ದು ಎತ್ತಿನ ಮೇವಿನ ಲೆಕ್ಕ. "ಹಂಗಾರ ಹೊಟ್ಟಿ ತುಂಬಾ ಮೇವು ಹಾಕಿದ್ದ ನೋಡಿ ತರೂಣು" ಅಂದರು. ಒಟ್ಟಿಗೇ ಹುಬ್ಬಳ್ಳಿಗೆ ಹೋದೆವು. ಮೊದಲ ಅಂಗಡಿಯಲ್ಲಿ ತೋರಿಸಿದ್ದು ತೆಳ್ಳಗಿನದು, ಹೊಸ ವರ್ಷದ ಮಾಡೆಲ್, 4 ಜಿಬಿ ಗ್ರಾಫಿಕ್ಸ್. ಹುಡುಗ ಮೊಬೈಲಿನಲ್ಲಿ ಮಾಡೆಲ್ ನಂಬರ್ ಹಾಕಿ ವ್ಯಾಟ್ ನೋಡಿ ಬೇಡ ಅಂದ. ಮೂರನೇ ಅಂಗಡಿಯಲ್ಲಿ ಹಿಂದಿನ ವರ್ಷದ ಸ್ಟಾಕ್ ಸಿಕ್ಕಿತು. ದಪ್ಪ, ಚೆಂದವೇನಲ್ಲ, ಆರ್‌ಟಿಎಕ್ಸ್ 3050, 6 ಜಿಬಿ, ರ‍್ಯಾಮಿಗೆ ಇನ್ನೊಂದು ಸ್ಲಾಟ್ ಖಾಲಿ. ಎರಡನೇ ವರ್ಷದ ವಾರಂಟಿ ಸೇರಿ ಅರವತ್ತರೊಳಗೆ ಬಂತು. ಬಿಲ್ಲಿನಲ್ಲಿ ಪೂರ್ತಿ ಮಾಡೆಲ್ ನಂಬರು, ಸೀರಿಯಲ್ ನಂಬರು ಬರೆಸಿಕೊಂಡೆವು. ನೀವೂ ಬರೆಸಿಕೊಳ್ಳಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು, ಮಗ ಕೇಳಿದರೂ ಕೊಡಲಿಲ್ಲ. ಶಿಗ್ಗಾವಿ ದಾಟಿದ ಮೇಲೆ ಕೇಳಿದರು.

"ಇದರಾಗ ಕ್ರಿಕೆಟ್ ಐತೇನೋ?"

"ಐತಪ್ಪ, ಹಾಕಬೇಕು."

"ಮೊದಲ ಪರೀಕ್ಷಾ ಮುಗಿಸು. ಆಮ್ಯಾಲ ಹಾಕು. ನಾನೂ ನೋಡ್ತೀನಿ."